ನೆಲ ತೂತಾದ ಆಲ್ಟೋ, ಎರಡು ಸಲ ಫೇಲ್ ಆದ ಎಫ್‌ಸಿ: ಫೈಬರ್ ಪ್ಯಾಚೋ, ಕಂಪನಿ ಸರ್ವೀಸೋ, ಟಿಂಕರಿಂಗ್ ಮೇಸ್ತ್ರಿಯೋ?

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರಿನ ನೆಲ ತುಕ್ಕು ಹಿಡಿದು ಎಫ್‌ಸಿಗೆ (ಗಾಡಿ ಓಡಿಸಲು ಯೋಗ್ಯ ಎನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಫೇಲ್ ಆಗಿದ್ದರೆ ಸೀದಾ ಟಿಂಕರಿಂಗ್ ಮೇಸ್ತ್ರಿ ಹತ್ತಿರ ಹೋಗಿ, ಕೊಳೆತ ತಗಡು ಕತ್ತರಿಸಿ ತೆಗೆಸಿ, ಹೊಸ ತಗಡು ವೆಲ್ಡಿಂಗ್ ಮಾಡಿಸಿ. ಈ ಮಾತಿಗೆ ಬರುವ ಮೊದಲು ನಾನು ಫೈಬರ್ ಪ್ಯಾಚಿಗೆ 1,800 ರೂಪಾಯಿ ದಂಡ ತೆತ್ತಿದ್ದೇನೆ, ಸರ್ವೀಸ್ ಸೆಂಟರಿನ ಎಸ್ಟಿಮೇಟ್ ನೋಡಿ ಅವರು ಕೊಟ್ಟ ಕಾಫಿ ಆರುವ ತನಕ ಸುಮ್ನೆ ಕೂತಿದ್ದೇನೆ, ಗುಜರಿಯವರಿಗೂ ಒಂದು ಫೋನ್ ಮಾಡಿದ್ದೇನೆ.

ಕಾರು 2010ರ ಆಲ್ಟೋ, ಕೆಎ-14. ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರಲ್ಲಿ ಸ್ವಲ್ಪ ನಮ್ಮ ಕಾರಿನೊಳಗೂ ಬಿದ್ದಿದೆ ಅಂತಲೇ ಹೇಳಬೇಕು. ಮಳೆಗಾಲ ಪೂರ್ತಿ ಕೆಸರು ಕಾಲಲ್ಲೇ ಹತ್ತುತ್ತೇವೆ. ಒದ್ದೆ ಕೊಡೆ ಸೀಟಿನ ಕೆಳಗೆ ಹೋಗುತ್ತದೆ. ಸುಗ್ಗಿಯಲ್ಲಿ ಹಿಂದಿನ ಸೀಟು ಮಡಚಿ ಅಡಿಕೆ ಮೂಟೆ ಹೇರುತ್ತೇವೆ. ನಿಲ್ಲಿಸುವುದು ಕೊಟ್ಟಿಗೆ ಪಕ್ಕದ ಹಲಸಿನ ಮರದಡಿ, ಹಾಗಾಗಿ ವೈಪರ್ ಕೆಳಗಿನ ಜಾಲರಿಯಲ್ಲಿ ಯಾವಾಗಲೂ ಎಲೆ. ಎಲೆ ತುಂಬಿದರೆ ಅಲ್ಲಿಂದ ಹೊರಗೆ ಹರಿದು ಹೋಗಬೇಕಾದ ನೀರು ಒಳಗೆ ಸೋರಿ ಮ್ಯಾಟಿನ ಕೆಳಗೆ ನಿಲ್ಲುತ್ತದೆ. ಇದು ನನಗೆ ಗೊತ್ತಾಗಿದ್ದು 15 ವರ್ಷ ಆದಮೇಲೆ.

ಖಾಸಗಿ ಕಾರಿನ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ಗಟ್ಟಿಯಾಗಿದೆ ಅಂತ ಎಫ್‌ಸಿಯಲ್ಲಿ ತೋರಿಸಿದರೆ ಐದೈದು ವರ್ಷಕ್ಕೆ ರಿನ್ಯೂವಲ್. ಬೆಂಗಳೂರಿನ ನಮ್ಮ ಭಾವ ಮಾತ್ರ "15 ವರ್ಷ ಆಯ್ತಲ್ಲ, ಇನ್ನು ಗುಜರಿಗೇ ಹಾಕಬೇಕು, ಕಾನೂನು ಬಂದಿದೆ" ಎಂದು ಫೋನ್ ಮಾಡಿದಾಗೆಲ್ಲ ಹೇಳುತ್ತಿದ್ದರು. ಅದು ದೆಹಲಿ ಸುತ್ತಮುತ್ತಲ ಮಾತು ಭಾವ, ನಮ್ಮ ಕಡೆ ಅಲ್ಲ ಎಂದರೆ ನಂಬುವುದಿಲ್ಲ. ನಮ್ಮ ಕಡೆ ಜಾಸ್ತಿ ಆಗಿರುವುದು ಫೀಸು. 600 ರೂಪಾಯಿ ಇದ್ದ ಕಾರಿನ ರಿನ್ಯೂವಲ್ 2022ರ ಏಪ್ರಿಲ್‌ನಿಂದ 5,000 ಆಗಿದೆ. ಗ್ರೀನ್ ಟ್ಯಾಕ್ಸ್ ಬೇರೆ. ತಡವಾದರೆ ತಿಂಗಳಿಗೆ 500 ದಂಡ. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು, ದಯವಿಟ್ಟು ಹಾಗೇ ಮಾಡಿ. ನನ್ನ ಆರ್‌ಸಿ ಜೂನ್ ಕೊನೆಗೆ ಮುಗಿಯುವುದಿತ್ತು, ಮೇ ಮೊದಲ ವಾರವೇ ಅರ್ಜಿ ಹಾಕಿದ್ದಕ್ಕೆ ಎರಡು ಸಲ ಫೇಲ್ ಆದರೂ ದಂಡ ಬೀಳಲಿಲ್ಲ.

ಮೊದಲ ಸಲ ಆರ್‌ಟಿಒಗೆ ಹೋದಾಗ ಹಾರ್ನ್, ಇಂಡಿಕೇಟರ್, ವೈಪರ್ ಎಲ್ಲಾ ಸರಿಯಿತ್ತು. ಎಮಿಷನ್ ಸರ್ಟಿಫಿಕೇಟ್ ಇತ್ತು, ಹೊಸ ನಂಬರ್ ಪ್ಲೇಟೂ ಇತ್ತು. ಚಾಸಿ ನಂಬರ್ ತಾಳೆ ಆಯಿತು. ಹ್ಯಾಂಡ್ ಬ್ರೇಕ್ ಎಳೆದು ಗಾಡಿ ಮುಂದೆ ಬಿಡಿ ಎಂದರು, ಬಿಟ್ಟೆ, ಎತ್ತಿನಗಾಡಿ ಹಾಗೆ ಹೊರಟೇಬಿಟ್ಟಿತು. ಅದೊಂದು. ಆಮೇಲೆ ಬ್ರೇಕ್ ಇನ್ಸ್‌ಪೆಕ್ಟರ್ (ನಮ್ಮ ಕಡೆ ಈಗಲೂ ಹಾಗೇ ಕರೆಯುವುದು) ಡ್ರೈವರ್ ಬದಿಯ ಮ್ಯಾಟ್ ಎತ್ತಿದರು. ಕೆಳಗಿನ ಕಾರ್ಪೆಟ್ ಒದ್ದೆ. ಅದನ್ನೂ ಸರಿಸಿ ಕಾರಿನ ಕೀಲಿಯಲ್ಲೇ ಚುಚ್ಚಿದರು. ಹಪ್ಪಳ ಮುರಿದ ಹಾಗೆ ಶಬ್ದ. ತೂತಿನಲ್ಲಿ ಕೆಳಗಿನ ಜಲ್ಲಿ ಕಾಣುತ್ತಿತ್ತು.

"ಸೀಟಿನ ಬೋಲ್ಟು ಕೂತಿರೋದು ಇದರ ಮೇಲೇ ಅಲ್ವೇನ್ರೀ?" ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಜೀಪಿಗಾದರೆ ಕೆಳಗೆ ಬೇರೆ ಚಾಸಿ ಇರುತ್ತದೆ. ಆಲ್ಟೋದಂಥ ಕಾರಿಗೆ ಬಾಡಿಯೇ ಚಾಸಿ. ಸೀಟು, ಬೆಲ್ಟು ಎಲ್ಲಾ ಆ ತೆಳ್ಳನೆ ತಗಡನ್ನೇ ನಂಬಿಕೊಂಡಿರುತ್ತವೆ. ಹಾಗಾಗಿ ಫೇಲ್ ಮಾಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ.

ಫೈಬರ್ ಪ್ಯಾಚ್ ಮಾಡಿಸಿ ಅಂದವರು ಒಬ್ಬ ಏಜೆಂಟ್. "ಎಲ್ಲರೂ ಅದೇ ಮಾಡಿಸೋದು ಸರ್, ಒಂದು ಗಂಟೆ ಕೆಲಸ." ಅವರೇ ಅಂಗಡಿ ತೋರಿಸಿದರು. ಅಲ್ಲಿಯ ಹುಡುಗ ವೈರ್ ಬ್ರಷ್‌ನಲ್ಲಿ ನಾಲ್ಕು ಸಲ ಉಜ್ಜಿ, ಬಿಳಿ ಗಾಜಿನ ನಾರಿನ ಬಟ್ಟೆ ಹಾಸಿ, ಡಬ್ಬದಲ್ಲಿ ರೆಸಿನ್‌ಗೆ ಹಾರ್ಡ್‌ನರ್ ಕಲಸಿ ಬ್ರಷ್‌ನಲ್ಲಿ ಬಳಿದ. ಮೂಗು ಉರಿಯುವ ವಾಸನೆ. ಅರ್ಧ ಗಂಟೆಗೆ ಕಲ್ಲಿನ ಹಾಗೆ ಗಟ್ಟಿ. ಮೇಲೆ ಕಪ್ಪು ಪೇಂಟ್. ನೋಡಲು ಚೆಂದವೇ ಇತ್ತು, ಸುಳ್ಳು ಹೇಳುವುದಿಲ್ಲ. ನಾನು ಖುಷಿಯಲ್ಲಿ ಬರುವಾಗ ಮಂಡಗದ್ದೆಯಲ್ಲಿ ನಿಲ್ಲಿಸಿ ಮನೆಗೆ ಫೋನ್ ಮಾಡಿ "ಮುಗೀತು ಕೆಲಸ" ಎಂದೂ ಹೇಳಿದೆ.

ತೊಂದರೆ ಏನೆಂದರೆ ತುಕ್ಕು ಇದ್ದಲ್ಲಿ ಆ ರೆಸಿನ್ ತಗಡಿಗೆ ಅಂಟುವುದಿಲ್ಲ. ತುಕ್ಕಿನ ಮೇಲಿನ ಪದರಕ್ಕೆ ಅಂಟುತ್ತದೆ, ಆ ಪದರವೇ ತಗಡಿನಿಂದ ಏಳುತ್ತಾ ಇರುತ್ತದೆ. ಹೊಳೆಯುವ ತಗಡು ಬರುವ ತನಕ ಉಜ್ಜಬೇಕಿತ್ತು, ನಮ್ಮ ಕಾರಿನಲ್ಲಿ ಹಾಗೆ ಉಜ್ಜಿದ್ದರೆ ತೂತು ತಟ್ಟೆಯಷ್ಟು ದೊಡ್ಡದಾಗುತ್ತಿತ್ತು, ಅದಕ್ಕೇ ಹುಡುಗ ಉಜ್ಜಲಿಲ್ಲ. ಅಷ್ಟರಲ್ಲಿ ಎರಡು ಮಳೆ ಬಂತು. ಜಾಲರಿಯಿಂದ ಸೋರಿದ ನೀರು ಪ್ಯಾಚಿನ ಅಂಚಿನಿಂದ ಒಳಗೆ ಹೋಗಿ ಕೂತಿತು. ಮೊದಲಾದರೆ ತೂತಿನಿಂದ ಹೊರಗಾದರೂ ಹೋಗುತ್ತಿತ್ತು! ಈಗ ಫೈಬರ್ ಮತ್ತು ತಗಡಿನ ನಡುವೆ ಸಿಕ್ಕಿಕೊಂಡು ಯಾರಿಗೂ ಕಾಣದ ಹಾಗೆ ತಿನ್ನಲು ಶುರು ಮಾಡಿತ್ತು.

ಎರಡನೇ ಸಲ ಇನ್ಸ್‌ಪೆಕ್ಟರ್ ಕೀಲಿ ತೆಗೆಯಲೂ ಇಲ್ಲ. ಸ್ಕ್ರೂಡ್ರೈವರ್ ಹಿಡಿಯಿಂದ ನೆಲಕ್ಕೆ ಬಡಿಯುತ್ತಾ ಬಂದರು. ಟಣ್, ಟಣ್, ಟಣ್, ಬೊದ್. ಅಲ್ಲೇ ನಿಂತರು. ಮತ್ತೊಮ್ಮೆ ಬಡಿದರು. ಬೊದ್. ಸ್ಕ್ರೂಡ್ರೈವರ್ ತುದಿಯಿಂದ ಅಂಚು ಎತ್ತಿದರೆ ಪ್ಯಾಚು ನೀರುದೋಸೆ ಕಾವಲಿ ಬಿಟ್ಟ ಹಾಗೆ ಎದ್ದಿತು, ಕೆಳಗೆ ಕಂದು ನೀರು. ನನಗೆ ಎಲ್ಲಿ ನೋಡುವುದು ಅಂತ ಗೊತ್ತಾಗಲಿಲ್ಲ. ಏಜೆಂಟ್ ಅಷ್ಟು ಹೊತ್ತಿಗೆ ಬೇರೆ ಯಾರದೋ ಫೈಲ್ ಹಿಡಿದುಕೊಂಡು ದೂರದಲ್ಲಿದ್ದರು. 1,800 ಹೋಯಿತು, ತೀರ್ಥಹಳ್ಳಿ–ಶಿವಮೊಗ್ಗ ಹೋಗಿ ಬಂದ ಪೆಟ್ರೋಲ್ ಹೋಯಿತು, ಒಂದು ದಿನದ ತೋಟದ ಕೆಲಸ ಹೋಯಿತು. ಎಲ್ಲಕ್ಕಿಂತ ಹೆಚ್ಚಾಗಿ, ಆಮೇಲೆ ಮೇಸ್ತ್ರಿ ಆ ಫೈಬರನ್ನು ಕೆರೆದು ತೆಗೆಯಲು ಅರ್ಧ ದಿನ ಹಿಡಿಯಿತು, ಅದಕ್ಕೂ ಕೂಲಿ ನಾನೇ ಕೊಟ್ಟೆ.

ಕಂಪನಿ ಸರ್ವೀಸ್ ಸೆಂಟರ್ ಬಗ್ಗೆ ಬೈಯುವಂಥದ್ದೇನಿಲ್ಲ. ಗಾಡಿ ಲಿಫ್ಟಿಗೆ ಏರಿಸಿ ಕೆಳಗಿನಿಂದ ಫೋಟೋ ತೆಗೆದು ತೋರಿಸಿದರು. ಪ್ಯಾಚ್ ಹಾಕುವುದಿಲ್ಲ, ಪ್ಯಾನೆಲ್ ತರಿಸಿ ಪೂರ್ತಿ ಬದಲಾಯಿಸಬೇಕು, ಬರಲು ಎಷ್ಟು ದಿನ ಅಂತ ಹೇಳಲಾಗುವುದಿಲ್ಲ ಎಂದರು. ಎಸ್ಟಿಮೇಟ್ 43,000. ಕಾರನ್ನೇ ಮಾರಿದರೆ ಅದರ ಮೇಲೆ ಇನ್ನೊಂದು ಹತ್ತೋ ಹದಿನೈದೋ ಸಾವಿರ ಸಿಗಬಹುದಿತ್ತು, ಅಷ್ಟೇ. ಆದರೆ ಹ್ಯಾಂಡ್ ಬ್ರೇಕ್ ಕೆಲಸ ಮಾತ್ರ ಅಲ್ಲೇ ಮಾಡಿಸಿದೆ. ಹಿಂದಿನ ಡ್ರಮ್ ಬಿಚ್ಚಿ, ಬ್ರೇಕ್ ಶೂ ಬದಲಾಯಿಸಿ, ಕೇಬಲ್ ಹೊಸದು ಹಾಕಿ 3,400 ಬಿಲ್ ಕೊಟ್ಟರು. ಒಂದೇ ದಿನದ ಕೆಲಸ. ಬ್ರೇಕ್ ವಿಷಯದಲ್ಲಿ ನಾನು ಎಲ್ಲೆಲ್ಲೋ ಸಿಗುವ ಸಾಮಾನು ಹಾಕಿಸುವುದಿಲ್ಲ, ಅದೊಂದು ನನ್ನ ಅಭ್ಯಾಸ.

ಗುಜರಿ: ಫೋನಿನಲ್ಲೇ 18,000 ಎಂದರು. ಫೋನ್ ಇಟ್ಟೆ.

ಈಗ ಮೇಸ್ತ್ರಿ. ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ ಇಂಥ ಶೆಡ್‌ಗಳಿಗೆ ಬರ ಇಲ್ಲ. ಮೂರು ಕಡೆ ಕೇಳಿದೆ. ಇಬ್ಬರು ನೋಡದೇ ರೇಟ್ ಹೇಳಿದರು. ಮೂರನೆಯವರು ಗೋಣಿ ಹಾಸಿಕೊಂಡು ಕಾರಿನ ಕೆಳಗೆ ಮಲಗಿ, ಹತ್ತು ನಿಮಿಷ ಅಲ್ಲೇ ಇದ್ದು, ಎದ್ದು ಬಂದು "ಬ್ರೇಕ್ ಪೈಪು ಪಕ್ಕದಲ್ಲೇ ಹೋಗಿದೆ ಅಣ್ಣ, ಅದನ್ನ ಸರಿಸಿ ಮಾಡಬೇಕು, ಒಂಬತ್ತು ಸಾವಿರ ಆಗ್ತದೆ" ಎಂದರು. ಅವರಿಗೇ ಕೊಟ್ಟೆ.

ನಾನು ಕೇಳಿದ ಮೊದಲ ಪ್ರಶ್ನೆ ಗ್ಯಾಸ್ ವೆಲ್ಡಿಂಗೋ ಸಿಒಟು ವೆಲ್ಡಿಂಗೋ (ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕರೆಂಟಿನಲ್ಲಿ ಮಾಡುವುದು) ಎಂದು. ನೀವೂ ಕೇಳಿ. ಗ್ಯಾಸಿನಲ್ಲಿ ಸುತ್ತಲಿನ ತಗಡೂ ಕಾದು ಸೊಟ್ಟಗಾಗುತ್ತದೆ, ಒಳ್ಳೇ ಜಾಗದ ಪೇಂಟೂ ಸುಟ್ಟು ಅಲ್ಲಿಂದ ಹೊಸ ತುಕ್ಕು ಶುರುವಾಗುತ್ತದೆ. ಸಿಒಟುನಲ್ಲಿ ಶಾಖ ಕಡಿಮೆ ಜಾಗಕ್ಕೆ ಹೋಗುತ್ತದೆ, ತೆಳು ತಗಡಿಗೆ ಅದೇ ಸರಿ. ಮೇಸ್ತ್ರಿ ಎರಡನೇ ಮಾತಾಡದೆ, ವೆಲ್ಡಿಂಗ್ ಕರೆಂಟು ಕಾರಿನ ವೈರಿಂಗಿಗೆ ಹೋಗದಿರಲಿ ಎಂದು ಬ್ಯಾಟರಿ ಕನೆಕ್ಷನ್ ಬಿಚ್ಚಿ ಪಕ್ಕಕ್ಕಿಟ್ಟರು. ಇವರಿಗೆ ಕೆಲಸ ಗೊತ್ತಿದೆ ಅಂತ ಅಲ್ಲೇ ಅನ್ನಿಸಿತು.

ಸೀಟು ಬಿಚ್ಚುವಾಗ ಎರಡು ಬೋಲ್ಟು ತುಂಡಾದವು. ಕಾರ್ಪೆಟ್ ಎತ್ತಿದರೆ ಎರಡು ಅಡಿಕೆ, ಒಂದು ರೂಪಾಯಿ ನಾಣ್ಯ, ಅಪ್ಪಯ್ಯ ಎರಡು ವರ್ಷ ಹುಡುಕಿದ ಕನ್ನಡಕದ ಕಾಲು. ಗ್ರೈಂಡರಿನಲ್ಲಿ ಕೊಳೆತದ್ದನ್ನೆಲ್ಲ ಕತ್ತರಿಸಿದಾಗ ನನಗೆ ಎದೆ ಧಸಕ್ ಎಂದಿತು. ಕೀಲಿ ತೂರುವಷ್ಟಿದ್ದ ತೂತು ಮೊರದಷ್ಟಾಗಿತ್ತು. ಅವರು ಒಂದು ಮದುವೆ ಕಾಗದದ ರಟ್ಟನ್ನು ಆ ಜಾಗಕ್ಕೆ ಇಟ್ಟು ಅಳತೆ ಗೀಚಿದರು. ಸಾಲದ್ದಕ್ಕೆ ಇನ್ನೊಂದು ರಟ್ಟು ಅಂಟಿಸಿದರು. ಆ ಅಳತೆಗೆ 20 ಗೇಜಿನ ತಗಡು ಕತ್ತರಿಸಿ, ಹಳೇ ನೆಲದಲ್ಲಿದ್ದ ಉಬ್ಬುಗೆರೆಗಳನ್ನು ಸುತ್ತಿಗೆಯಿಂದ ಬಡಿದೇ ಎಬ್ಬಿಸಿದರು. ಆ ಗೆರೆ ಇಲ್ಲದಿದ್ದರೆ ಕಾಲಿಟ್ಟಾಗ ಎಣ್ಣೆ ಡಬ್ಬದ ಹಾಗೆ ಟಪ್ ಟಪ್ ಎನ್ನುತ್ತದಂತೆ. ವೆಲ್ಡಿಂಗ್ ಆದಮೇಲೆ ಪ್ರೈಮರ್, ಜೋಡಣೆಗೆ ಸೀಲೆಂಟ್, ಕೆಳಗಿನಿಂದ ಕಪ್ಪು ಅಂಡರ್‌ಬಾಡಿ ಕೋಟಿಂಗ್. ನೀರು ಹೋಗುವ ರಬ್ಬರ್ ಬಿರಡೆಯ ತೂತನ್ನೂ ಮೊದಲಿದ್ದ ಜಾಗದಲ್ಲೇ ಬಿಟ್ಟರು.

ಇದರಲ್ಲಿ ತೊಂದರೆ ಇಲ್ಲವಾ? ಇದೆ. ಐದು ದಿನ ಎಂದದ್ದು ಒಂಬತ್ತು ದಿನ ಆಯಿತು. "ನಾಳೆ ಸಂಜೆ ಬನ್ನಿ ಅಣ್ಣ" ಎಂದು ಮೂರು ಸಲ ಹೇಳಿದರು, ಎರಡು ಸಲ ನಾನು ನಂಬಿ ಬಸ್ಸು ಹತ್ತಿದೆ. ಬಿಲ್ ಅಂತ ಒಂದು ಚೀಟಿ ಕೊಟ್ಟರು, ವಾರಂಟಿ ಎಂದರೆ ನಕ್ಕರು. ತುಂಡಾದ ಬೋಲ್ಟು, ಫೈಬರ್ ಕೆರೆದ ಕೂಲಿ ಸೇರಿ 9,000 ಇದ್ದದ್ದು 10,200ಕ್ಕೆ ನಿಂತಿತು. ದಿನಾ ಆಫೀಸಿಗೆ ಕಾರು ಬೇಕೇಬೇಕು ಎನ್ನುವವರಿಗೆ ಇದು ಕಷ್ಟ. ನನಗೆ ವಾರಕ್ಕೆ ಎರಡು ಸಲ ತೀರ್ಥಹಳ್ಳಿ ಪೇಟೆ, ತಿಂಗಳಿಗೊಂದು ಸಲ ಶಿವಮೊಗ್ಗ, ಅಷ್ಟೇ. 15,000 ದಾಟಬಾರದು ಅಂತ ಮೊದಲೇ ಗೆರೆ ಹಾಕಿಕೊಂಡಿದ್ದೆ, ಬ್ರೇಕ್ ಸೇರಿ ಅದರೊಳಗೇ ಮುಗಿಯಿತು. ಫೈಬರ್ ದುಡ್ಡು ಸೇರಿಸಿದರೆ ಗೆರೆ ದಾಟುತ್ತದೆ, ಆದ್ದರಿಂದ ಸೇರಿಸುವುದಿಲ್ಲ.

ಮಾಡಿಸಿದ ಮೇಲೆ ಫ್ರಿಜ್ಜಿನ ಮ್ಯಾಗ್ನೆಟ್ ತಗೊಂಡು ಹೋಗಿ ನೆಲದ ಮೇಲೆಲ್ಲ ಆಡಿಸಿ ನೋಡಿ. ತಗಡಿದ್ದಲ್ಲಿ ಹಿಡಿಯುತ್ತದೆ, ಫೈಬರ್ ಅಥವಾ ದಪ್ಪ ಪುಟ್ಟಿ ಇದ್ದಲ್ಲಿ ಜಾರುತ್ತದೆ. ಹಳೇ ಕಾರು ಕೊಳ್ಳುವವರೂ ಇದನ್ನು ಮಾಡಬೇಕು. ಇನ್ನೊಂದು ಮಾತು, ಸಸ್ಪೆನ್ಷನ್ ಕೂರುವ ಜಾಗವೇ ಕೊಳೆತಿದೆ ಎಂದು ಮೇಸ್ತ್ರಿ ಹೇಳಿದರೆ ಅಲ್ಲಿಗೆ ದುಡ್ಡು ಹಾಕುವುದು ಬಿಡಿ, ನಾನೂ ಹಾಕುತ್ತಿರಲಿಲ್ಲ.

ಮೂರನೇ ಸಲ ಹೋದಾಗ ಜೂನ್ 26. ಜೋರು ಮಳೆ. ಇನ್ಸ್‌ಪೆಕ್ಟರ್ ಕೊಡೆ ಹಿಡಿದುಕೊಂಡೇ ಹ್ಯಾಂಡ್ ಬ್ರೇಕ್ ನೋಡಿದರು, ಅಲುಗಲಿಲ್ಲ. ಮ್ಯಾಟ್ ಎತ್ತಿ ಬಡಿದರು. ಟಣ್. ಇನ್ನೂ ಎರಡು ಕಡೆ ಬಡಿದರು, ಟಣ್, ಟಣ್. "ಮೊದಲೇ ಇದನ್ನ ಮಾಡ್ಸಿದ್ರೆ ಆಗ್ತಿತ್ತಲ್ರೀ" ಎಂದು ಸಹಿ ಹಾಕಿದರು.

ಈಗ ಜಾಲರಿಯ ಎಲೆ ವಾರಕ್ಕೊಮ್ಮೆ ತೆಗೆಯುತ್ತೇನೆ. ಮ್ಯಾಟುಗಳು ಬಚ್ಚಲೊಲೆ ಹತ್ತಿರ ಒಣಗುತ್ತವೆ, ಮನೆಯವಳಿಗೆ ಅದೊಂದು ಸಿಟ್ಟು. ಮುಂದಿನ ರಿನ್ಯೂವಲ್ 2030ಕ್ಕೆ. 20 ವರ್ಷ ದಾಟಿದ ಕಾರಿಗೆ ಫೀಸು 10,000 ಮಾಡಿದ್ದಾರೆ ಎಂದು ಭಾವ ಆಗಲೇ ಫೋನ್ ಮಾಡಿ ಹೇಳಿಯಾಗಿದೆ. ಈ ಸಲ ಅವರು ಹೇಳಿದ್ದು ಸರಿಯೇ ಇತ್ತು.