ಒಂದೇ ಡಬ್ಬಿ, ಮೂರು ವೂಫರ್: ಶಹಾಬಾದ್ ಕಲ್ಲಿನ ಕೋಣೆಯಲ್ಲೊಂದು ಹೋಲಿಕೆ

ಬಾಸ್, ಅಂದರೆ ತಗ್ಗಿನ ಸ್ವರಗಳನ್ನು ನುಡಿಸುವ ಸ್ಪೀಕರ್‌ಗಳಾದ ಎಂಟು ಇಂಚಿನ ಮೂರು ವೂಫರ್‌ಗಳನ್ನು, ಎಲ್ಲ ಕಡೆ ಮುಚ್ಚಿದ 30 ಲೀಟರಿನ ಒಂದೇ ಪ್ಲೈವುಡ್ ಡಬ್ಬಿಯಲ್ಲಿ ಒಂದಾದ ಮೇಲೊಂದು ಕೂರಿಸಿ, ಕಲಬುರಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೇಳಿ ನೋಡಿದ್ದೇನೆ. ಮೊದಲನೆಯದು ಹಗುರವಾದ ಕಾಗದದ ಕೋನ್ (ಅಲುಗಿ ಶಬ್ದ ಹೊರಡಿಸುವ ಶಂಕು) ಮತ್ತು ಬಟ್ಟೆಯ ಸರೌಂಡ್ (ಕೋನಿನ ಅಂಚನ್ನು ಚೌಕಟ್ಟಿಗೆ ಹಿಡಿದಿಡುವ ಮೆದುವಾದ ಉಂಗುರ) ಉಳ್ಳದ್ದು. ಎರಡನೆಯದು ಪಾಲಿಪ್ರೊಪಿಲೀನ್ ಕೋನ್ ಮತ್ತು ಅಗಲವಾದ ರಬ್ಬರ್ ಸರೌಂಡ್ ಉಳ್ಳದ್ದು. ಮೂರನೆಯದು ಮೊದಲಿನದರ ಜಾತಿಯದೇ, ಆದರೆ ಹಿಂದೆ ಜೋಡಿ ಫೆರೈಟ್ ಮ್ಯಾಗ್ನೆಟ್ ಹೊತ್ತದ್ದು. ಫೋಮ್ ಸರೌಂಡ್‌ನ ವೂಫರ್‌ಗಳು ಕೆಲವು ವರ್ಷಗಳಲ್ಲಿ ಅಂಚು ಪುಡಿಯಾಗಿ ಉದುರುವುದರಿಂದ ಅವನ್ನು ಈ ಹೋಲಿಕೆಗೇ ತೆಗೆದುಕೊಳ್ಳಲಿಲ್ಲ.

ಡಬ್ಬಿ ಚಿಕ್ಕದಿರಬೇಕು, ಬಾಸ್ ಆಳವಿರಬೇಕು, ಕಡಿಮೆ ವಾಟ್‌ನಲ್ಲಿ ಜೋರಾಗಿ ನುಡಿಯಬೇಕು ಎಂಬ ಮೂರು ಬಯಕೆಗಳಲ್ಲಿ ಎರಡು ಮಾತ್ರ ಒಟ್ಟಿಗೆ ಕೈಗೂಡುತ್ತವೆ ಎಂಬುದು ಅಮೆರಿಕದ ಸ್ಪೀಕರ್ ಕಂಪನಿ ಕೆಎಲ್‌ಎಚ್‌ನ ಸ್ಥಾಪಕರಲ್ಲೊಬ್ಬರಾದ ಹಾಫ್‌ಮನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನಿಯಮ. ಆಸ್ಟ್ರೇಲಿಯಾದಲ್ಲಿ ನೆವಿಲ್ ಥೀಲ್ 1961ರಲ್ಲಿಯೂ, ಅವರ ಬಳಿಕ ರಿಚರ್ಡ್ ಸ್ಮಾಲ್ 1970ರ ದಶಕದಲ್ಲಿಯೂ ಪ್ರಕಟಿಸಿದ ಲೆಕ್ಕಗಳಿಂದಾಗಿ, ಯಾವ ವೂಫರ್ ಯಾವ ಡಬ್ಬಿಯಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದನ್ನು ಮರ ಕೊಯ್ಯುವ ಮೊದಲೇ ಕಾಗದದ ಮೇಲೆ ಕಾಣಬಹುದು.

ಕಾಗದದ ಕೋನ್ ಮತ್ತು ಕಾಯಿಲ್ (ಮ್ಯಾಗ್ನೆಟ್‌ನ ಸಂದಿಯಲ್ಲಿ ಅಲುಗಿ ಕೋನನ್ನು ತಳ್ಳುವ ತಂತಿಯ ಸುರುಳಿ) ಸೇರಿ ಅಲುಗುವ ಭಾಗದ ತೂಕ ಸುಮಾರು 20 ಗ್ರಾಂ, ಸೆನ್ಸಿಟಿವಿಟಿ (ಒಂದು ವಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಸಿಗುವ ಶಬ್ದದ ಮಟ್ಟ) 90 ಡೆಸಿಬಲ್. ರಬ್ಬರ್ ಸರೌಂಡ್‌ನದರಲ್ಲಿ ಈ ತೂಕ 40 ಗ್ರಾಂ. ಉಳಿದದ್ದೆಲ್ಲ ಹಾಗೇ ಇದ್ದು ತೂಕವೊಂದೇ ಎರಡು ಪಟ್ಟಾದರೆ 6 ಡೆಸಿಬಲ್ ಕಳೆದುಹೋಗುತ್ತದೆ. ತಯಾರಕರು ಇನ್ನಷ್ಟು ಬಲವಾದ ಮ್ಯಾಗ್ನೆಟ್ ಕೊಟ್ಟು ಅದರಲ್ಲಿ 2 ಡೆಸಿಬಲ್‌ನಷ್ಟನ್ನು ಮರಳಿ ಪಡೆದಿರುವುದರಿಂದ ಇದು 86ಕ್ಕೆ ನಿಂತಿದೆ. ನಾಲ್ಕು ಡೆಸಿಬಲ್ ವ್ಯತ್ಯಾಸ ಕಾಗದದ ಮೇಲೆ ಅಲ್ಪವೆನಿಸಿದರೂ, ಮೊದಲನೆಯದು 20 ವಾಟ್‌ನಲ್ಲಿ ಕೊಡುವ ಶಬ್ದಕ್ಕೆ ಎರಡನೆಯದು 50 ವಾಟ್ ಕೇಳುತ್ತದೆ.

ಆ ಖರ್ಚಿಗೆ ತಕ್ಕ ಪ್ರತಿಫಲವೂ ಇದೆ. ಭಾರವಾದ ಕೋನ್ ಮತ್ತು ಮೆದುವಾದ ರಬ್ಬರ್ ಕೂಡಿ ಬಿಡಿ ವೂಫರ್‌ನ ಅನುರಣನವನ್ನು, ಅಂದರೆ ಕೋನ್ ತಾನಾಗಿಯೇ ಕಂಪಿಸುವ ಆವರ್ತನವನ್ನು, 34 ಹರ್ಟ್ಜ್‌ಗೆ ಇಳಿಸಿವೆ, ಕಾಗದದ್ದರಲ್ಲಿ ಅದು 60. ನಮ್ಮ ಡಬ್ಬಿಯೊಳಗೆ ಕೂರಿಸಿದಾಗ ಲೆಕ್ಕದ ಪ್ರಕಾರ ರಬ್ಬರ್‌ನದು 50 ಹರ್ಟ್ಜ್‌ವರೆಗೂ, ಕಾಗದದ್ದು 68 ಹರ್ಟ್ಜ್‌ವರೆಗೂ ತಕ್ಕಮಟ್ಟಿಗೆ ನುಡಿಯುತ್ತವೆ. ಶಬ್ದದ ಮಟ್ಟ ಹಾಗೇ ಉಳಿಯುವಂತೆ ಸ್ವರವನ್ನು ಒಂದು ಸಪ್ತಕ ಕೆಳಗಿಳಿಸಿದರೆ ಕೋನ್ ನಾಲ್ಕು ಪಟ್ಟು ದೂರ ಅಲುಗಬೇಕಾಗುವುದರಿಂದ, 16 ಮಿಲಿಮೀಟರ್ ಉದ್ದದ ಕಾಯಿಲ್ 6 ಮಿಲಿಮೀಟರ್ ಸಂದಿಯಲ್ಲಿ ಅತ್ತಿತ್ತ 5 ಮಿಲಿಮೀಟರ್ ಸರಿಯಬಲ್ಲ ರಬ್ಬರ್ ವೂಫರ್ ಇಲ್ಲಿ ಗೆಲ್ಲುತ್ತದೆ. ಕಾಗದದ್ದರ ಕಾಯಿಲ್ 10 ಮಿಲಿಮೀಟರ್ ಮಾತ್ರ. ಅತ್ತಿತ್ತ 2 ಮಿಲಿಮೀಟರ್ ದಾಟಿದೊಡನೆ ದನಿ ಒಡೆಯತೊಡಗುತ್ತದೆ. ಆದರೆ ಉದ್ದದ ಕಾಯಿಲ್‌ನ ಬಹುಭಾಗ ಮ್ಯಾಗ್ನೆಟ್ ಸಂದಿಯ ಹೊರಗೇ ಇದ್ದು, ಕರೆಂಟು ತಿಂದು ಕಾವು ಕೊಡುತ್ತದೆಯೇ ಹೊರತು ಕೋನನ್ನು ತಳ್ಳುವುದರಲ್ಲಿ ಅದರ ಪಾಲು ತೀರ ಕಡಿಮೆ.

ಹಾಗಾದರೆ ನಮಗೆ ಬೇಕಾದ ಆಳ ಎಷ್ಟು? ನಮ್ಮ ಮನೆಯಲ್ಲಿ ಹೆಚ್ಚಾಗಿ ಕೇಳುವುದು ವಚನ ಗಾಯನ ಮತ್ತು ಖಯಾಲ್. ಕಾಳಿ ಒಂದರ (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ) ಶ್ರುತಿಯಲ್ಲಿ ಹಾಡುವ ಗಂಡುದನಿಗೆ ಜೋಡಿಸಿದ ತಂಬೂರಿಯ ಖರ್ಜದ (ಎಲ್ಲಕ್ಕಿಂತ ತಗ್ಗಿನ) ತಂತಿ ಸುಮಾರು 69 ಹರ್ಟ್ಜ್‌ನಲ್ಲಿದೆ; ಅಂದರೆ ಕಾಗದದ ವೂಫರ್ ಅದನ್ನು ಸ್ವಲ್ಪ ತಗ್ಗಿಸಿ ಕೇಳಿಸಿದರೂ ಬಿಟ್ಟುಬಿಡುವುದಿಲ್ಲ. ಅದಕ್ಕಿಂತ ಕೆಳಗಿನ ಗುಡುಗು ಇಂದಿನ ಸಿನಿಮಾ ಹಾಡುಗಳಿಗೆ ಬೇಕು, ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣಕ್ಕೆ ಬೇಡ. ವೇಗದ ಸ್ವರಮಾಲೆಯಾದ ತಾನ್‌ನ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿಸುವುದರಲ್ಲಿ, ಕಡಿಮೆ ವಾಲ್ಯೂಮ್‌ನಲ್ಲಿಯೂ ದನಿ ಮುಂದೆ ಬಂದು ನಿಲ್ಲುವುದರಲ್ಲಿ ನನ್ನ ಕಿವಿಗೆ ಕಾಗದದ ಕೋನೇ ಮೇಲು.

ಅದರ ದೋಷವೂ ಅಲ್ಲಿಯೇ ಇದೆ. ತೆಳುವಾದ ಕಾಗದ 3 ಕಿಲೋಹರ್ಟ್ಜ್ ದಾಟುವ ಹೊತ್ತಿಗೆ ಒಂದೇ ತುಂಡಾಗಿ ಅಲುಗದೆ, ಅಂಚು ಒಂದು ಕಡೆ ನಡುಭಾಗ ಇನ್ನೊಂದು ಕಡೆ ಎಂಬಂತೆ ಕಂಪಿಸಿ ಕಿರುಚುತ್ತದೆ. ನೆಲಕ್ಕೆ ಶಹಾಬಾದ್ ಕಲ್ಲು ಹಾಸಿರುವ, ಸಾಮಾನು ಕಡಿಮೆಯಿರುವ ನಮ್ಮ ಕಡೆಯ ಪಡಸಾಲೆಗಳು ಈ ಕಿರುಚನ್ನು ಮರಳಿ ಮುಖಕ್ಕೆ ಎಸೆಯುತ್ತವೆ. ದಪ್ಪನೆಯ ಜಮಖಾನ ಹಾಸಿದಾಗ ಒಂದಿಷ್ಟು ತಗ್ಗಿತು. ಮೇಲಿನ ಸ್ವರಗಳನ್ನು ನುಡಿಸುವ ಚಿಕ್ಕ ಸ್ಪೀಕರ್ ಆದ ಟ್ವೀಟರ್‌ಗೆ ಕೆಲಸ ಒಪ್ಪಿಸುವ ಕ್ರಾಸ್‌ಓವರನ್ನು 2 ಕಿಲೋಹರ್ಟ್ಜ್‌ಗೆ ಇಳಿಸಿದಾಗ ಬಹಳ ತಗ್ಗಿತು. ಪಾಲಿಪ್ರೊಪಿಲೀನ್ ಸ್ವಭಾವತಃ ಕಂಪನವನ್ನು ಹೀರಿಕೊಳ್ಳುವ ವಸ್ತುವಾದ್ದರಿಂದ ಎರಡನೆಯದಕ್ಕೆ ಈ ಉಪಚಾರ ಬೇಕಾಗಲಿಲ್ಲ.

ಬಿಸಿಲುಗಾಲದ ವಿಷಯವನ್ನೂ ಇಲ್ಲಿಯೇ ಹೇಳಬೇಕು. 86 ಡೆಸಿಬಲ್‌ನ ವೂಫರ್ ತನಗೆ ಬಂದ ವಿದ್ಯುತ್ತಿನಲ್ಲಿ ಶೇ 0.25ರಷ್ಟನ್ನು ಮಾತ್ರ ಶಬ್ದ ಮಾಡುತ್ತದೆ, ಉಳಿದದ್ದೆಲ್ಲ ಕಾವು. ತಾಮ್ರದ ಕಾಯಿಲ್ ಪ್ರತಿ ಡಿಗ್ರಿಗೆ ಶೇ 0.39ರಷ್ಟು ಪ್ರತಿರೋಧ ಹೆಚ್ಚಿಸಿಕೊಳ್ಳುವುದರಿಂದ, ಹೊರಗೇ 40 ಡಿಗ್ರಿ ದಾಟಿರುವ ಮೇ ತಿಂಗಳಲ್ಲಿ ಜೋರಾಗಿ ಹಚ್ಚಿದರೆ ವಾಲ್ಯೂಮ್ ಮುಟ್ಟದಿದ್ದರೂ ಶಬ್ದ ಕುಗ್ಗುತ್ತ ಹೋಗುತ್ತದೆ. ಹೆಚ್ಚು ವಾಟ್ ಬೇಡುವ ವೂಫರ್‌ಗೆ ಈ ಬಾಧೆ ಹೆಚ್ಚು.

ಮೂರನೆಯದನ್ನು ಅಂಗಡಿಯಲ್ಲಿ ‘ಡಬಲ್ ಮ್ಯಾಗ್ನೆಟ್, ಡಬಲ್ ಬಾಸ್’ ಎಂದೇ ಕೊಟ್ಟಿದ್ದರು. ಸೆನ್ಸಿಟಿವಿಟಿ 92ಕ್ಕೆ ಏರಿದ್ದು ನಿಜ. ಆದರೆ ಈ ಡಬ್ಬಿಯಲ್ಲಿ ಅದರ ಬಾಸ್ 115 ಹರ್ಟ್ಜ್ ಆಸುಪಾಸಿನಿಂದಲೇ ಇಳಿಯತೊಡಗಿ ಮೂರರಲ್ಲಿಯೂ ತೆಳ್ಳಗೆ ಕೇಳಿಸಿತು. ಕಾಯಿಲ್ ಬಲವಾದ ಕಾಂತಕ್ಷೇತ್ರದಲ್ಲಿ ಅಲುಗುವಾಗ ತನ್ನಲ್ಲಿಯೇ ವಿರುದ್ಧ ವೋಲ್ಟೇಜು ಹುಟ್ಟಿಸಿಕೊಂಡು, ಅನುರಣನದ ಬಳಿ ಕೋನಿಗೆ ಬ್ರೇಕು ಹಾಕುತ್ತದೆ. ಮ್ಯಾಗ್ನೆಟ್ ದೊಡ್ಡದಾದಷ್ಟೂ ಈ ಬ್ರೇಕು ಬಿಗಿ. ಇದು ಮುಚ್ಚಿದ ಡಬ್ಬಿಯ ವೂಫರ್ ಅಲ್ಲ, ಪೋರ್ಟ್ (ಗಾಳಿಯಾಡುವ ಕೊಳವೆ) ಇರುವ ಡಬ್ಬಿಯ ವೂಫರ್. ಅದೇ 30 ಲೀಟರಿಗೆ 60 ಹರ್ಟ್ಜ್ ಆಸುಪಾಸಿಗೆ ಹೊಂದಿಸಿದ ಪೋರ್ಟ್ ಕೂರಿಸಿದರೆ ಅದು ಸುಮಾರು 60 ಹರ್ಟ್ಜ್‌ವರೆಗೂ ಇಳಿಯುತ್ತದೆ, 92 ಡೆಸಿಬಲ್ ಬಿಟ್ಟುಕೊಡದೆ.

ಸದ್ಯಕ್ಕೆ ಪಡಸಾಲೆಯಲ್ಲಿ ಒಂಟಿ ಮ್ಯಾಗ್ನೆಟ್‌ನ ಕಾಗದದ್ದೇ ಉಳಿದಿದೆ. ರಬ್ಬರ್‌ನದು ಟಿವಿ ಇರುವ ಒಳಕೋಣೆಗೆ, ದೊಡ್ಡ ಆಂಪ್ಲಿಫೈಯರ್‌ನ ಜೊತೆಗೆ ಹೋಗಿದೆ. ಪೋರ್ಟ್ ಕೊರೆದು ಮೂರನೆಯದನ್ನು ಮತ್ತೆ ಕೂರಿಸುವುದಾದರೆ ಆಂಪ್ಲಿಫೈಯರ್‌ನಲ್ಲಿ 45 ಹರ್ಟ್ಜ್‌ಗಿಂತ ಕೆಳಗಿನದನ್ನು ಕತ್ತರಿಸುವ ಫಿಲ್ಟರ್ ಇರಲೇಬೇಕು. ಏಕೆಂದರೆ ಪೋರ್ಟ್‌ನ ಹೊಂದಿಕೆಗಿಂತ ಕೆಳಗೆ ಡಬ್ಬಿಯ ಗಾಳಿ ಕೋನನ್ನು ಹಿಡಿದಿಡುವುದಿಲ್ಲ, ಆ ಕಾಯಿಲ್‌ಗಾದರೋ ಇರುವ ಜಾಗ ಅದೇ 2 ಮಿಲಿಮೀಟರ್.