ಡ್ರೈವ್ ಬಿಸಿಯಾಗಿ ಟ್ರಿಪ್ ಆಗುತ್ತಿದೆಯಾ? ಪ್ಯಾನೆಲ್ ಬಾಗಿಲು ತೆಗೆದು ಫ್ಯಾನ್ ಇಡಬೇಡಿ

ಎಸಿ ಪ್ಲಾಂಟ್, ಎಎಚ್‌ಯು (ಮಹಡಿಗೆ ತಂಪು ಗಾಳಿ ಊದುವ ಯಂತ್ರ) ನೋಡಿಕೊಳ್ಳುವ ಗೆಳೆಯರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ನಿಮ್ಮಲ್ಲೂ ಯಾವುದಾದರೂ ವಿಎಫ್‌ಡಿ (ಮೋಟಾರ್ ವೇಗ ಹೆಚ್ಚುಕಡಿಮೆ ಮಾಡುವ ಡ್ರೈವ್) ಪ್ಯಾನೆಲ್‌ನ ಬಾಗಿಲು ತೆರೆದಿದ್ದು, ಅದರ ಮುಂದೆ ಪೆಡೆಸ್ಟಲ್ ಫ್ಯಾನ್ ತಿರುಗುತ್ತಿದ್ದರೆ ಇವತ್ತೇ ಹೋಗಿ ನೋಡಿ. ನಾನು ಹಾಗೆ ಮಾಡಿ ಎರಡು ಡ್ರೈವ್ ಕಳೆದುಕೊಂಡೆ. ನಮ್ಮ ಹುಡುಗನೊಬ್ಬ ಸ್ವಲ್ಪದರಲ್ಲಿ ಪಾರಾದ.

ನಾನು ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಒಂದು ಆಫೀಸ್ ಕಟ್ಟಡದಲ್ಲಿ ಮೇಂಟೆನೆನ್ಸ್ ಸೂಪರ್‌ವೈಸರ್. ಮಹಡಿಗೊಂದು ಎಎಚ್‌ಯು, ಒಂದೊಂದಕ್ಕೂ 15 ಕಿಲೋವ್ಯಾಟ್ ಡ್ರೈವ್. ಹೋದ ಏಪ್ರಿಲ್‌ನಲ್ಲಿ ಐದನೇ ಮಹಡಿಯ ಡ್ರೈವ್ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಓವರ್ ಟೆಂಪರೇಚರ್ ಅಂತ ನಿಂತಿತು. ರಿಸೆಟ್ ಮಾಡಿದೆವು, ಓಡಿತು. ಮಾರನೇ ದಿನ ಮತ್ತೆ ಅದೇ. ಸೆಕೆ ಜಾಸ್ತಿ, ಅದಕ್ಕೇ ಹೀಗೆ ಅಂದುಕೊಂಡೆ. ಬಾಗಿಲು ತೆಗೆಸಿ ಎದುರಿಗೆ ಫ್ಯಾನ್ ಇಡಿಸಿದೆ. ಟ್ರಿಪ್ ಕಡಿಮೆಯಾಯಿತು. ಸಮಸ್ಯೆ ಮುಗಿಯಿತು ಅಂತ ಎರಡು ವಾರ ಆ ಕಡೆ ತಲೆಯನ್ನೇ ಹಾಕಲಿಲ್ಲ.

ಆಮೇಲೆ ಒಂದು ಸೋಮವಾರ ಬೆಳಿಗ್ಗೆ ಸ್ಟಾರ್ಟ್ ಕೊಟ್ಟ ಕೂಡಲೇ ಢಮಾರ್ ಅಂತ ಸದ್ದು. ಎಎಚ್‌ಯು ರೂಮಿನ ತುಂಬ ಹೊಗೆ, ಮೀನು ಕೊಳೆತಂಥ ವಾಸನೆ. ಬ್ರೇಕರ್ ಬಿದ್ದಿತ್ತು. ಬ್ರೇಕರ್ ಬಿದ್ದಿದೆಯಲ್ಲ ಅಂತ ಹುಡುಗ ನೇರವಾಗಿ ಕವರ್‌ಗೆ ಕೈ ಹಾಕಿದ. ನಾನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದೆ. 415 ವೋಲ್ಟ್ ಸಪ್ಲೈ ಇರುವ ಡ್ರೈವ್‌ನ ಒಳಗೆ ಡಿಸಿ ಬಸ್ (ಎಸಿಯನ್ನು ಡಿಸಿ ಮಾಡಿ ಇಡುವ ಭಾಗ) ಸುಮಾರು 580 ವೋಲ್ಟ್ ಇರುತ್ತದೆ. ಸಪ್ಲೈ ಹೋದರೂ ಕೆಪಾಸಿಟರ್‌ಗಳು ಅದನ್ನು ಹಿಡಿದಿಟ್ಟುಕೊಂಡಿರುತ್ತವೆ. ಎಷ್ಟು ನಿಮಿಷ ಕಾಯಬೇಕು ಅಂತ ಡ್ರೈವ್ ಮೇಲೆಯೇ ಬರೆದಿರುತ್ತಾರೆ, ಕೆಲವಕ್ಕೆ 5, ಕೆಲವಕ್ಕೆ 15. ಅಷ್ಟು ಹೊತ್ತು ಕಾದ ಮೇಲೂ ಡಿಸಿ ಪ್ಲಸ್, ಮೈನಸ್ ಟರ್ಮಿನಲ್ ಮಧ್ಯೆ ಮೀಟರ್ ಹಿಡಿದು ನೋಡದೆ ಮುಟ್ಟಬಾರದು. ಇದನ್ನು ಆ ಹುಡುಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೇಳಿಕೊಡಬೇಕಾಗಿದ್ದವನು ನಾನೇ.

ಬಿಚ್ಚಿ ನೋಡಿದಾಗ ಎಲ್ಲ ಗೊತ್ತಾಯಿತು. ಡ್ರೈವ್‌ನ ಬಿಸಿ ಹೊರಹಾಕುವ ಲೋಹದ ಭಾಗ, ಅಂದರೆ ಹೀಟ್‌ಸಿಂಕ್, ಅದರ ಕೆಳಗಿನ ಫ್ಯಾನ್ ಬೇರಿಂಗ್ ಒಣಗಿ ಜಾಮ್ ಆಗಿತ್ತು. ಬೆರಳಲ್ಲಿ ತಿರುಗಿಸಿದರೂ ತಿರುಗಲಿಲ್ಲ. ಹೀಟ್‌ಸಿಂಕ್‌ನ ಫಿನ್‌ಗಳ (ತೆಳು ಪಟ್ಟಿಗಳ) ಸಂದಿಯಲ್ಲಿ ಬಿಳಿ ಧೂಳು ಹತ್ತಿಯ ಹಾಗೆ ಒತ್ತಿಕೊಂಡಿತ್ತು. ಆ ಮಹಡಿಯಲ್ಲಿ ಜನವರಿಯಿಂದ ಜಿಪ್ಸಮ್ ಪಾರ್ಟಿಷನ್ ಕೆಲಸ ನಡೆದಿತ್ತು, ಧೂಳು ಅಲ್ಲಿಂದಲೇ ಬಂದದ್ದು. ನಾವು ಬಾಗಿಲು ತೆಗೆದು ಫ್ಯಾನ್ ಬೇರೆ ಇಟ್ಟು ಅದೇ ಧೂಳನ್ನು ಕಂಟ್ರೋಲ್ ಕಾರ್ಡ್ ಮೇಲೆ ಊದಿದ್ದೆವು. ಎಎಚ್‌ಯು ರೂಮಿನಲ್ಲಿ ಗಾಳಿ ತಂಪು ಮಾಡುವ ಕಾಯಿಲ್‌ನ ನೀರಿನ ತೇವ ಇದ್ದೇ ಇರುತ್ತದೆ. ತೇವ ಹಿಡಿದ ಧೂಳು ಕಾರ್ಡ್ ಮೇಲೆ ಕೂತರೆ ಕರೆಂಟ್‌ಗೆ ದಾರಿ ಮಾಡಿಕೊಡುತ್ತದೆ. ಪೆಡೆಸ್ಟಲ್ ಫ್ಯಾನ್‌ನ ಗಾಳಿ ಮುಂದಿನ ಕವರ್‌ಗಷ್ಟೇ ಬಡಿಯುತ್ತದೆ. ಬಿಸಿ ಇರುವುದು ಹಿಂದೆ, ಫಿನ್‌ಗಳಲ್ಲಿ. ಅಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಬಿಸಿ 10 ಡಿಗ್ರಿ ಏರಿದರೆ ಕೆಪಾಸಿಟರ್ ಆಯುಸ್ಸು ಹೆಚ್ಚುಕಡಿಮೆ ಅರ್ಧ ಆಗುತ್ತದೆ ಅನ್ನುತ್ತಾರೆ. ನಾವು ಅದನ್ನು ಎರಡು ವಾರ ಬೇಯಿಸಿದ್ದೆವು.

ನನಗೆ ಇವತ್ತಿಗೂ ನೋವಾಗುವುದು ಚೆಕ್‌ಲಿಸ್ಟ್ ನೋಡಿದಾಗ. ಎಎಂಸಿಯವರು (ವಾರ್ಷಿಕ ನಿರ್ವಹಣೆ ಗುತ್ತಿಗೆಯವರು) ತಿಂಗಳು ತಿಂಗಳು 'ವಿಎಫ್‌ಡಿ ಕ್ಲೀನಿಂಗ್, ಓಕೆ' ಅಂತ ಟಿಕ್ ಹಾಕಿದ್ದರು. ಒಂದು ಸಲವೂ ಕವರ್ ತೆಗೆದಿರಲಿಲ್ಲ. ಕೆಳಗೆ ನನ್ನ ಸಹಿ ಇತ್ತು. ಹೀಟ್‌ಸಿಂಕ್‌ನ ಆ ಫ್ಯಾನ್ ಬದಲಿಸಲು ಆಗುತ್ತಿದ್ದ ಖರ್ಚು ಡ್ರೈವ್ ಬೆಲೆಯ ಹತ್ತರಲ್ಲಿ ಒಂದು ಪಾಲೂ ಅಲ್ಲ.

ಎರಡನೇ ಡ್ರೈವ್ ಹೋದದ್ದು ಅದೇ ದಿನ ಸಂಜೆ. ಸ್ಟೋರ್‌ನಲ್ಲಿ ಸ್ಪೇರ್ ಇತ್ತು, ಸೀಲ್ ಒಡೆಯದ ಡಬ್ಬ, ನಾಲ್ಕು ವರ್ಷದಿಂದ ಕೂತಿತ್ತು. ಹೊಸದು ಅಲ್ವಾ ಅಂತ ಕೂರಿಸಿ ನೇರವಾಗಿ ಪೂರ್ತಿ ಸಪ್ಲೈ ಕೊಟ್ಟೆವು. ಅರ್ಧ ಗಂಟೆಯೊಳಗೆ ಅದರ ಕೆಪಾಸಿಟರ್ ಕೂಡ ಉಬ್ಬಿ ಸೀಳಿತು. ಕೆಪಾಸಿಟರ್‌ಗಳು ಬಹಳ ಕಾಲ ಕರೆಂಟ್ ಇಲ್ಲದೆ ಸುಮ್ನೆ ಕೂತರೆ ಒಳಗಿನ ತೆಳು ಆಕ್ಸೈಡ್ ಪದರ ಸವೆಯುತ್ತದಂತೆ. ಅಂಥದಕ್ಕೆ ವೋಲ್ಟೇಜನ್ನು ಕಡಿಮೆಯಿಂದ ಶುರುಮಾಡಿ ಗಂಟೆಗಟ್ಟಲೆ ನಿಧಾನವಾಗಿ ಏರಿಸಬೇಕು. ಇದಕ್ಕೆ ರಿಫಾರ್ಮಿಂಗ್ ಅನ್ನುತ್ತಾರೆ. ಮ್ಯಾನುಯಲ್‌ನಲ್ಲಿ ಇದಕ್ಕೊಂದು ಪುಟವೇ ಇತ್ತು. ನಾನು ಓದಿರಲಿಲ್ಲ. ಈಗ ಪ್ರತಿ ಸ್ಪೇರ್ ಡಬ್ಬದ ಮೇಲೂ ತಾರೀಖು ಬರೆದು, ವರ್ಷಕ್ಕೊಮ್ಮೆ ಮ್ಯಾನುಯಲ್ ಹೇಳಿದ ಹಾಗೆ ಕರೆಂಟ್ ಕೊಟ್ಟು ಇಡುತ್ತೇವೆ.

ಹೊಸ ಡ್ರೈವ್ ಬರುವ ತನಕ ಎಎಚ್‌ಯು ಬ್ಲೋವರ್ ಬೈಪಾಸ್‌ನಲ್ಲಿ, ಅಂದರೆ ಡ್ರೈವ್ ಇಲ್ಲದೆ ನೇರ ಸಪ್ಲೈಯಲ್ಲಿ, 50 ಹರ್ಟ್ಸ್‌ಗೆ ಪೂರ್ತಿ ವೇಗದಲ್ಲಿ ಓಡಿತು. ಮೊದಲು 40ರಲ್ಲಿ ಓಡುತ್ತಿತ್ತು. ಫ್ಯಾನ್ ವೇಗ 80 ಪರ್ಸೆಂಟ್‌ಗೆ ಇಳಿದರೆ ಪವರ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಂದರೆ ಅಷ್ಟೂ ದಿನ ಆ ಮೋಟಾರ್‌ಗೆ ಹೆಚ್ಚುಕಡಿಮೆ ಎರಡು ಪಟ್ಟು ಕರೆಂಟ್ ಬಿಲ್. ಹಳೆಯ ಡ್ರೈವ್‌ನ ಪ್ಯಾರಾಮೀಟರ್ (ಸೆಟ್ಟಿಂಗ್) ಬ್ಯಾಕಪ್ ಕೂಡ ಇರಲಿಲ್ಲ. ಬಿಎಂಎಸ್ (ಕಟ್ಟಡದ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಸಿಗ್ನಲ್ ಹೊಂದಿಸುವುದರಲ್ಲೇ ಒಂದು ದಿನ ಹೋಯಿತು.

ಇನ್ನೊಂದು ಮಾತು. ಹೊಸ ಡ್ರೈವ್ ಕೂರಿಸಿದ ದಿನ ಒಬ್ಬ ಟೆಕ್ನಿಷಿಯನ್ ಮೋಟಾರ್ ಇನ್ಸುಲೇಷನ್ ನೋಡಲು ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ತಂದ. ಮೋಟಾರ್‌ಗೆ ಹೋಗುವ ಯು, ವಿ, ಡಬ್ಲ್ಯು ಕೇಬಲ್ ಡ್ರೈವ್‌ಗೆ ಹಾಗೇ ಸಿಕ್ಕಿಸಿತ್ತು. ಮೆಗ್ಗರ್ ಒತ್ತಿದ್ದರೆ ಆ ವೋಲ್ಟೇಜ್ ನೇರವಾಗಿ ಡ್ರೈವ್ ಒಳಗಿನ ಐಜಿಬಿಟಿಗೆ (ಕರೆಂಟ್ ಸ್ವಿಚ್ ಮಾಡುವ ಎಲೆಕ್ಟ್ರಾನಿಕ್ ಭಾಗ) ಹೋಗಿ ಮೂರನೇ ಡ್ರೈವ್ ಕೂಡ ಹಾಳಾಗುತ್ತಿತ್ತು. ಕೇಬಲ್ ಬಿಚ್ಚಿ ಮೋಟಾರ್ ಕಡೆ ಮಾತ್ರ ಮೆಗ್ಗರ್ ಮಾಡಿ.

ಈಗ ನಮ್ಮಲ್ಲಿ ಪ್ಯಾನೆಲ್ ಬಾಗಿಲು ಮುಚ್ಚಿಯೇ ಇರುತ್ತದೆ. ಹೀಟ್‌ಸಿಂಕ್ ಟೆಂಪರೇಚರ್ ಹೊರಗಿನ ಕೀಪ್ಯಾಡ್‌ನಲ್ಲೇ ಕಾಣುತ್ತದೆ. ಸೋಮವಾರ ಮಧ್ಯಾಹ್ನ ಮೂರಕ್ಕೆ, ಲೋಡ್ ಒಂದೇ ರೀತಿ ಇರುವಾಗ, ಎಲ್ಲ ಮಹಡಿಯದೂ ನಾನೇ ಪುಸ್ತಕದಲ್ಲಿ ಬರೆಯುತ್ತೇನೆ. ಹೋದ ತಿಂಗಳು ಮೂರನೇ ಮಹಡಿಯದು 58ರಿಂದ 67 ಡಿಗ್ರಿಗೆ ಏರಿತ್ತು. ಇನ್ನೂ ಟ್ರಿಪ್ ಆಗಿರಲಿಲ್ಲ. ಪ್ಯಾನೆಲ್‌ನ ಫಿಲ್ಟರ್ ಪ್ಯಾಡ್ ತೆಗೆದು ನೋಡಿದರೆ ಧೂಳಿನಿಂದ ಪೂರ್ತಿ ಕಟ್ಟಿಕೊಂಡಿತ್ತು. ಹೊಸ ಪ್ಯಾಡ್ ಹಾಕಿದೆವು. ಮರುದಿನ ಮೂರು ಗಂಟೆಗೆ ಮತ್ತೆ 58.