ಉಡುಪಿ ಹತ್ತಿರದ ಕುಲುಮೆ: ಮೊದಲ ಚಾಕು ಮಾಡುವವರಿಗೆ

ಚಾಕು ಮಾಡಲು ಕಲಿಯುವ ಆಸೆ ಇದ್ದರೆ, ದುಬಾರಿ ಸಾಮಾನು ಕೊಳ್ಳುವ ಮೊದಲು ಇಂಥ ಕುಲುಮೆಗೆ ಹೋಗಿ. ಇಲ್ಲಿನ ಆಚಾರಿ ಮೆಟ್ಟುಕತ್ತಿ, ಹುಲ್ಲುಕತ್ತಿ ಮಾಡುವವರು. ನನಗೆ ಲಾರಿಯ ಹಳೇ ಸ್ಪ್ರಿಂಗ್ ಪ್ಲೇಟಿನ ತುಂಡು ಕೊಟ್ಟು ಶುರು ಮಾಡಿಸಿದರು. ಕಟ್ಟಡದ ಸರಳು ಬೇಡ ಅಂದರು. ಅದರಲ್ಲಿ ಇಂಗಾಲ ಕಡಿಮೆ, ಹರಿತ ನಿಲ್ಲುವುದಿಲ್ಲ.

ಹದ ಹಾಕುವುದನ್ನು, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಟ್ಟಿ ಮಾಡುವುದನ್ನು, ಅವರು ಕಲಿಸುವ ರೀತಿ ನನಗೆ ತುಂಬ ಹಿಡಿಸಿತು. ಕೆಂಪು ಬಣ್ಣ ನೋಡಿಯೇ ಬಿಸಿ ಅಳೆಯುವುದು ಹೊಸಬರಿಗೆ ಕಷ್ಟ ಅಲ್ವಾ? ಅದಕ್ಕೆ ಕೈಗೆ ಅಯಸ್ಕಾಂತ ಕೊಟ್ಟರು. ಸುಮಾರು 770 ಡಿಗ್ರಿ ದಾಟಿದರೆ ಅದು ಉಕ್ಕಿಗೆ ಅಂಟುವುದಿಲ್ಲ. ಇನ್ನೂ ಸ್ವಲ್ಪ ಕಾಯಿಸಿ, ಬೆಚ್ಚಗಿನ ಎಣ್ಣೆಗೆ ಅದ್ದಬೇಕು. ನೀರಿಗೆ ಹಾಕಿದರೆ ಬಿರುಕು ಬಿಡಬಹುದು. ಆಮೇಲೆ ಅರ ಉಜ್ಜಿ ನೋಡಬೇಕು. ಕಚ್ಚದೆ ಜಾರಿದರೆ ಗಟ್ಟಿಯಾಗಿದೆ ಅಂತ ಅರ್ಥ. ಆದರೆ ಹಾಗೇ ಬಿಟ್ಟರೆ ಗಾಜಿನ ಹಾಗೆ ಒಡೆಯುತ್ತದೆ. ಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಲು ಹೇಳಿದರು.

ಹಿಡಿ ಹಾಕುವ ಕೆಲಸ ಅವಸರದಲ್ಲಿ ಮುಗಿಯಿತು, ಅದೊಂದೇ ಕೊರತೆ. ಕಿಡಿ ಜಾಸ್ತಿ, ಕನ್ನಡಕ ಮತ್ತು ಹತ್ತಿ ಬಟ್ಟೆ ಬೇಕೇ ಬೇಕು. ಚಾಕು ಈಗ ಬಂಗುಡೆಯನ್ನು ಸಲೀಸಾಗಿ ಕೊಯ್ಯುತ್ತದೆ. ನಮ್ಮ ಕರಾವಳಿಯ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ತೊಳೆದ ಕೂಡಲೇ ಒರೆಸಿ ತೆಂಗಿನೆಣ್ಣೆ ಸವರಿ.